ಕಾಗದದ ತವರು

ಮದುವೆಯಾದ ಹೆಣ್ಣು ತವರಿಗೆ ಹೋಗದೆ ವರ್ಷಗಟ್ಟಲೆ ಇದ್ದುಬಿಡಬಹುದು. ಕಾಗದಕ್ಕೆ ಆ ಸ್ವಾತಂತ್ರ್ಯ ಇಲ್ಲ. ದೇಶ ಬಿಟ್ಟು ಹೊರಡುವ ಮೊದಲು ಪ್ರತಿಯೊಂದು ಸರ್ಟಿಫಿಕೇಟೂ ತಾನು ಹುಟ್ಟಿದ ರಾಜ್ಯಕ್ಕೆ ಒಮ್ಮೆ ಹೋಗಿ ಬರಬೇಕು. ಕೇರಳ ಕೊಟ್ಟ ಕಾಗದವನ್ನು ಕೇರಳವೇ ತನ್ನದೆಂದು ಹೇಳಬೇಕು. ಕರ್ನಾಟಕದ್ದನ್ನು ಕರ್ನಾಟಕ, ತಮಿಳುನಾಡಿನದನ್ನು ತಮಿಳುನಾಡು. ಕಾಗದದ ಒಡೆಯರು ಈಗ ಎಲ್ಲಿದ್ದಾರೆ, ಯಾವ ಊರಿನಲ್ಲಿ ತೆರಿಗೆ ಕಟ್ಟುತ್ತಾರೆ, ಯಾವ ಭಾಷೆಯಲ್ಲಿ ತರಕಾರಿ ಕೊಳ್ಳುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಚೆನ್ನೈಯ ಪಶ್ಚಿಮಕ್ಕಿರುವ ಪೋರೂರಿನ ಒಂದು ಕನ್ನಡ ಮನೆಗೆ ಈ ನಿಯಮ ಅರ್ಥವಾದದ್ದು ದುಬೈಯ ಆಸ್ಪತ್ರೆಯೊಂದರಿಂದ ಕೆಲಸದ ಪತ್ರ ಬಂದ ಮೇಲೆ. ಮನೆಯಾಕೆ ನರ್ಸ್. ಹುಟ್ಟಿದ್ದು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ನರ್ಸಿಂಗ್ ಪದವಿ ಮಂಗಳೂರಿನ ಕಾಲೇಜಿನಲ್ಲಿ. ಕೆಲಸ ಹಿಡಿದದ್ದು, ಮದುವೆಯಾದದ್ದು, ಮಗನನ್ನು ಹೆತ್ತದ್ದು ಚೆನ್ನೈಯಲ್ಲಿ. ಗಂಡ ಪುತ್ತೂರಿನವರು, ಪೋರೂರಿನ ಐಟಿ ಕಂಪನಿಯೊಂದರಲ್ಲಿದ್ದಾರೆ. ಕೆರೆ ಕಾಣುವ ಫ್ಲಾಟಿನ ಸಾಲದ ಕಂತು ಇನ್ನೂ ಹನ್ನೊಂದು ವರ್ಷ ಬಾಕಿ. ದುಬೈಯ ಸಂಬಳದಲ್ಲಿ ಅದನ್ನು ನಾಲ್ಕೇ ವರ್ಷದಲ್ಲಿ ತೀರಿಸಬಹುದು ಎಂದು ಇಬ್ಬರೂ ಒಂದು ಭಾನುವಾರ ಕೂತು ಲೆಕ್ಕ ಹಾಕಿದ್ದರು. ಆಕೆ ಮೊದಲು ಹೋಗುವುದು, ಮಗನ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಅಪ್ಪ ಮಗ ಹಿಂದಿನಿಂದ ಬರುವುದು ಎಂದು ತೀರ್ಮಾನವಾಗಿತ್ತು.

ಪತ್ರದಲ್ಲಿ ಮೂರು ತಿಂಗಳ ಗಡುವು ಇತ್ತು. ಅಷ್ಟರೊಳಗೆ ದೃಢೀಕರಿಸಿದ ದಾಖಲೆಗಳು ಕೈಯಲ್ಲಿರಬೇಕು, ಇಲ್ಲದಿದ್ದರೆ ಹುದ್ದೆ ಮುಂದಿನವರಿಗೆ. ದಾಖಲೆಗಳು ಒಟ್ಟು ಆರು. ಕೇರಳದ ಪರೀಕ್ಷಾ ಭವನ ಕೊಟ್ಟ ಎಸ್ಸೆಸ್ಸೆಲ್ಸಿ ಪುಸ್ತಕ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿಪತ್ರ. ಅದೇ ವಿಶ್ವವಿದ್ಯಾಲಯದ ಅಂಕಪಟ್ಟಿಗಳ ಕಟ್ಟು. ಚೆನ್ನೈಯ ಸಬ್ ರಿಜಿಸ್ಟ್ರಾರ್ ಕಚೇರಿ ಕೊಟ್ಟ ಮದುವೆಯ ಸರ್ಟಿಫಿಕೇಟು. ಚೆನ್ನೈ ಮಹಾನಗರ ಪಾಲಿಕೆ ಕೊಟ್ಟ ಮಗನ ಜನನಪತ್ರ. ಮಗನ ಶಾಲೆಯ ಟಿಸಿ. ಒಂದು ಸಂಸಾರ, ಆರು ಕಾಗದ, ಮೂರು ತವರು.

ಈ ದೃಢೀಕರಣ ಎಂದರೆ ಏನೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಹಳ ಜನ ಅಂದುಕೊಳ್ಳುವುದು, ಕಾಗದದಲ್ಲಿರುವ ವಿಷಯ ನಿಜ ಎಂದು ಸರಕಾರ ಹೇಳುತ್ತದೆ ಅಂತ. ಹಾಗೇನಿಲ್ಲ. ಸರಕಾರ ಹೇಳುವುದು ಇಷ್ಟೆ: ಇದರ ಮೇಲಿನ ಸಹಿ ಇಂಥ ಅಧಿಕಾರಿಯದೇ, ಸಹಿ ಹಾಕುವಾಗ ಅವರು ಆ ಹುದ್ದೆಯಲ್ಲಿದ್ದರು, ಮೊಹರು ಆ ಕಚೇರಿಯದೇ. ಈ ಮಾತನ್ನು ಹೇಳಿದವರ ಸಹಿಯೂ ನಿಜವೇ ಎಂದು ಅವರ ಮೇಲಿನವರು ಹೇಳಬೇಕು. ವಿಶ್ವವಿದ್ಯಾಲಯದ ಸಹಿಗೆ ರಾಜ್ಯದ ಶಿಕ್ಷಣ ಇಲಾಖೆ ಸಾಕ್ಷಿ. ರಾಜ್ಯದ ಅಧಿಕಾರಿಯ ಸಹಿಗೆ ಕೇಂದ್ರದ ವಿದೇಶಾಂಗ ಸಚಿವಾಲಯ ಸಾಕ್ಷಿ. ಸಚಿವಾಲಯದ ಸಹಿಗೆ ಹೋಗುವ ದೇಶದ ರಾಯಭಾರ ಕಚೇರಿ ಸಾಕ್ಷಿ. ಅಲ್ಲಿ ಹೋಗಿ ಇಳಿದ ಮೇಲೆ ರಾಯಭಾರ ಕಚೇರಿಯ ಸಹಿಗೆ ಆ ದೇಶದ ವಿದೇಶಾಂಗ ಸಚಿವಾಲಯ ಸಾಕ್ಷಿ. ಒಬ್ಬರ ಸಹಿಯ ಬೆನ್ನಿಗೆ ಇನ್ನೊಬ್ಬರ ಸಹಿ. ಈ ಸಾಲಿನಲ್ಲಿರುವ ಒಬ್ಬರೂ ಕಾಗದದ ಒಡೆಯರ ಮುಖ ಕಂಡವರಲ್ಲ.

ಇಷ್ಟು ಉದ್ದದ ಸಾಲು ಬೇಡವೆಂದೇ 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಒಂದು ಒಪ್ಪಂದವಾಯಿತು. ಅದರ ಪ್ರಕಾರ ಒಂದೇ ಒಂದು ಮುದ್ರೆ ಸಾಕು. ಅದಕ್ಕೆ ಅಪೊಸ್ಟಿಲ್ ಎಂದು ಹೆಸರು. ಬದಿಗಳು ಕನಿಷ್ಠ 9 ಸೆಂಟಿಮೀಟರ್ ಇರುವ ಒಂದು ಚೌಕ, ಅದರೊಳಗೆ ಹತ್ತು ಅಂಶಗಳು, ತಲೆಯ ಮೇಲೆ ಕಡ್ಡಾಯವಾಗಿ ಫ್ರೆಂಚ್ ಶೀರ್ಷಿಕೆ. ಒಪ್ಪಂದ ಒಪ್ಪಿದ ಯಾವ ದೇಶಕ್ಕೆ ಹೋದರೂ ರಾಯಭಾರ ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲ. ಭಾರತದಲ್ಲಿ ಇದು ಜಾರಿಗೆ ಬಂದದ್ದು 2005ರ ಜುಲೈ 14ರಂದು. ಈಗ 120ಕ್ಕೂ ಹೆಚ್ಚು ದೇಶಗಳು ಒಳಗಿವೆ. ಸೌದಿ ಅರೇಬಿಯಾ 2022ರ ಕೊನೆಗೆ, ಚೀನಾ 2023ರ ನವೆಂಬರಿನಲ್ಲಿ, ಕೆನಡಾ 2024ರ ಜನವರಿಯಲ್ಲಿ ಸೇರಿಕೊಂಡವು. ಒಬ್ಬರು ಬಂದರೆ ಎಲ್ಲರೂ ಒಪ್ಪಲೇಬೇಕು ಎಂದೂ ಇಲ್ಲ. ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು.

ಪೋರೂರಿನ ಮನೆಯಲ್ಲಿ ಮೊದಲ ಗೊಂದಲ ಹುಟ್ಟಿದ್ದು ಇಲ್ಲಿಯೇ. ಆಕೆಯ ಚಿಕ್ಕಮ್ಮನ ಮಗ ಮಸ್ಕತ್ತಿನಲ್ಲಿದ್ದಾನೆ. ಅವನು ಫೋನಿನಲ್ಲಿ ಬಲು ಸಲೀಸಾಗಿ ಹೇಳಿದ: "ಅಕ್ಕಾ, ಎಂತ ಹೆದರುವುದು? ಹಿಂದೆ ಒಂದು ಸ್ಟಿಕ್ಕರ್ ಅಂಟಿಸಿ ಕೊಡ್ತಾರೆ, ಆಯ್ತು." ಅವನು ಹೇಳಿದ್ದು ಸುಳ್ಳಲ್ಲ. ಒಮಾನ್ 2012ರಿಂದ ಒಪ್ಪಂದದೊಳಗಿದೆ. ಎಮಿರೇಟ್ಸ್ ಇಲ್ಲ, ಕತಾರ್ ಇಲ್ಲ, ಕುವೈತ್ ಇಲ್ಲ. ಮಸ್ಕತ್ತಿನಿಂದ ದುಬೈಗೆ ಕಾರಿನಲ್ಲಿ ಅರ್ಧ ದಿನದ ದಾರಿ, ಕಾಗದದ ಲೆಕ್ಕದಲ್ಲಿ ಅವು ಬೇರೆ ಬೇರೆ ಲೋಕ. ತಮ್ಮನಿಗೆ ಒಂದು ಚೌಕದಲ್ಲಿ ಮುಗಿದದ್ದು ಅಕ್ಕನಿಗೆ ನಾಲ್ಕು ಮುದ್ರೆಗಳ ಕೆಲಸವಾಯಿತು. ಆದರೆ ಇಬ್ಬರಿಗೂ ಒಂದು ಮೆಟ್ಟಿಲು ಸಮಾನ. ಅಪೊಸ್ಟಿಲ್ ಆಗಲಿ ಮಾಮೂಲಿ ದೃಢೀಕರಣವಾಗಲಿ, ವಿದೇಶಾಂಗ ಸಚಿವಾಲಯ ನೇರವಾಗಿ ವಿಶ್ವವಿದ್ಯಾಲಯದ ಸಹಿಯನ್ನು ನೋಡುವುದಿಲ್ಲ. ಮೊದಲು ರಾಜ್ಯದ ಮುದ್ರೆ ಇರಬೇಕು. ತವರಿನ ಪ್ರಯಾಣ ಯಾರಿಗೂ ತಪ್ಪಿದ್ದಲ್ಲ.

ಆಕೆಯ ತಲೆಮಾರಿನವರಿಗೆ ದೃಢೀಕರಣ ಹೊಸ ಪದವಲ್ಲ. ಕಾಲೇಜಿಗೆ ಅರ್ಜಿ ಹಾಕುವ ವಯಸ್ಸಿನಲ್ಲಿ ಎಲ್ಲರೂ ಜೆರಾಕ್ಸ್ ಪ್ರತಿಗಳನ್ನು ಹಿಡಿದು ಗೆಜೆಟೆಡ್ ಆಫೀಸರನ್ನು ಹುಡುಕಿಕೊಂಡು ಹೋದವರೇ. ಹಳ್ಳಿಯಲ್ಲಿ ಅಂಥವರು ಸಿಗುವುದು ಅಪರೂಪ. ಹೈಸ್ಕೂಲಿನ ಹೆಡ್‌ಮಾಸ್ಟರು, ಸರಕಾರಿ ಆಸ್ಪತ್ರೆಯ ಡಾಕ್ಟರು, ಅವರೂ ಇಲ್ಲದಿದ್ದರೆ ಪಶುವೈದ್ಯರು. ಆಕೆಯ ಪಿಯುಸಿ ಅರ್ಜಿಗೆ ಹಸಿರು ಶಾಯಿಯಲ್ಲಿ ಸಹಿ ಹಾಕಿದ್ದು ಅವರ ಮನೆಯ ದನಕ್ಕೆ ಮದ್ದು ಕೊಡುತ್ತಿದ್ದ ವೈದ್ಯರು. ಅವರು ಅಸಲು ಪ್ರತಿಯನ್ನು ತಿರುಗಿಸಿಯೂ ನೋಡಲಿಲ್ಲ. "ಕಪಿಲೆ ಹೇಗುಂಟು, ಹಾಲು ಕೊಡ್ತದಾ?" ಎಂದು ಕೇಳುತ್ತ ಹತ್ತು ಪ್ರತಿಗಳಿಗೆ ಸಹಿ ಹಾಕಿ ಮುಗಿಸಿದರು. ನಿಯಮದ ಪ್ರಕಾರ ಅದು ಸರಿಯಲ್ಲದಿರಬಹುದು. ಆದರೆ ಆ ಸಹಿಯ ಹಿಂದೆ ಒಂದು ಗುರುತು ಇತ್ತು. ಇಂಥವರ ಮಗಳು, ಓದಿದ್ದು ಹೌದು, ಮನೆ ಕಂಡಿದ್ದೇನೆ ಎಂಬ ಗುರುತು. 2014ರ ಸುಮಾರಿಗೆ ಕೇಂದ್ರ ಸರಕಾರ ಸ್ವಯಂ ದೃಢೀಕರಣವನ್ನು ಒಪ್ಪಿಕೊಂಡಿತು. ಆ ಅಲೆದಾಟ ಬಹುಮಟ್ಟಿಗೆ ನಿಂತಿತು. ದೇಶದೊಳಗೆ ಈಗ ನಮ್ಮ ಸಹಿಯೇ ನಮಗೆ ಸಾಕ್ಷಿ. ಗಡಿ ದಾಟುವಾಗ ಮಾತ್ರ ಗುರುತಿಗೆ ಬೆಲೆಯಿಲ್ಲ, ಮೊಹರಿಗೆ ಮಾತ್ರ.

ಅಜ್ಜನ ಕಾಲದಲ್ಲಾಗಿದ್ದರೆ ಈ ಮೂರು ತವರುಗಳ ಸಮಸ್ಯೆಯೇ ಇರುತ್ತಿರಲಿಲ್ಲ. ಆಕೆಯ ಅಜ್ಜನ ಎಸ್ಸೆಸ್ಸೆಲ್ಸಿ ಪುಸ್ತಕದ ಮೇಲೆ ಇದ್ದದ್ದು ಮದ್ರಾಸಿನ ಹೆಸರು. ಆಗ ಬದಿಯಡ್ಕ, ಪುತ್ತೂರು, ಮಂಗಳೂರು ಎಲ್ಲವೂ ದಕ್ಷಿಣ ಕನ್ನಡ ಜಿಲ್ಲೆ. ಆ ಜಿಲ್ಲೆ ಮದ್ರಾಸ್ ರಾಜ್ಯಕ್ಕೆ ಸೇರಿದ್ದು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನಲ್ಲಿ ಓದಿದವರಿಗೆ ಪದವಿ ಕೊಡುತ್ತಿದ್ದದ್ದು 1857ರಲ್ಲಿ ಶುರುವಾದ ಮದ್ರಾಸ್ ವಿಶ್ವವಿದ್ಯಾಲಯ. ಜಮೀನಿನ ಕಾಗದವಿರಲಿ, ಶಾಲೆಯ ಕಾಗದವಿರಲಿ, ಎಲ್ಲಕ್ಕೂ ಮೇಲಿದ್ದದ್ದು ಸೇಂಟ್ ಜಾರ್ಜ್ ಕೋಟೆಯ ಸಚಿವಾಲಯ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಜಿಲ್ಲೆಯ ಬಹುಪಾಲು ಮೈಸೂರಿಗೆ ಬಂತು, ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ್ ಆಯೋಗ ಹೇಳಿತು. ಅದು ಜಾರಿಯಾಗಲಿಲ್ಲ.

ಈ ಚರಿತ್ರೆಯನ್ನು ಕಾಸರಗೋಡಿನ ಕನ್ನಡಿಗರು ಶಾಲೆಯ ವಿಷಯ ಬಂದಾಗ, ಊರಿನ ಹೆಸರು ಬದಲಾದಾಗ, ಕಚೇರಿಯಲ್ಲಿ ಮಲಯಾಳದ ಅರ್ಜಿ ನಮೂನೆ ಕೈಗೆ ಬಂದಾಗ ನೆನೆಯುತ್ತಾರೆ. ಅದು ಒಂದು ದಿನ ದುಬೈಯ ಕೆಲಸದ ಗಡುವಿಗೂ ತಾಗುತ್ತದೆ ಎಂದು ಆಕೆಗೆ ಅನಿಸಿರಲಿಲ್ಲ. ಆಯೋಗದ ಮಾತು ನಡೆದಿದ್ದರೆ ಆಕೆಯ ಹತ್ತನೆಯ ತರಗತಿಗೂ ಪದವಿಗೂ ಒಂದೇ ತವರು ಇರುತ್ತಿತ್ತು. 1956ಕ್ಕೆ ಮೊದಲಿನ ರಾಜ್ಯವೇ ಇದ್ದಿದ್ದರೆ ಆರು ಕಾಗದಗಳಲ್ಲಿ ಹೆಚ್ಚಿನವು ಪೋರೂರಿನಿಂದ ಒಂದು ಬಸ್ಸಿನ ದೂರದಲ್ಲಿರುವ ಕೋಟೆಯಲ್ಲಿ ಮುಗಿಯುತ್ತಿದ್ದವು. ಅಜ್ಜ ತನ್ನ ಜೀವಮಾನದಲ್ಲಿ ಎರಡೋ ಮೂರೋ ಸಲ ಮದ್ರಾಸು ಕಂಡವರು. ಮೊಮ್ಮಗಳು ಆ ಊರಿನಲ್ಲೇ ನೆಲೆಸಿದ್ದಾಳೆ, ಆದರೆ ಅವಳ ಓದಿನ ಕಾಗದಗಳಿಗೆ ಆ ಊರು ಏನೂ ಅಲ್ಲ.

ತವರಿಗೆ ಹೊರಡುವ ಮೊದಲೇ ಒಂದು ಅಡ್ಡಿ ಎದುರಾಯಿತು. ಪೋರೂರು ಜಂಕ್ಷನ್ನಿನ ಹತ್ತಿರದ ಏಜೆಂಟರ ಅಂಗಡಿಯಲ್ಲಿ ಕೌಂಟರಿನ ಹುಡುಗಿ ಕಾಗದಗಳನ್ನು ಒಂದೊಂದಾಗಿ ತಿರುಗಿಸುತ್ತ ಪದವಿಪತ್ರದ ಹತ್ತಿರ ನಿಂತಳು. "ಲ್ಯಾಮಿನೇಶನ್ ಎಡುತ್ತುಟ್ಟು ವಾಂಗ ಅಕ್ಕಾ" ಎಂದಳು. ಮುದ್ರೆ ಬೀಳುವುದು ಅಸಲು ಪ್ರತಿಯ ಹಿಂಬದಿಗೆ. ಪ್ಲಾಸ್ಟಿಕ್ಕಿನ ಮೇಲೆ ಯಾವ ಅಧಿಕಾರಿಯೂ ಸಹಿ ಹಾಕುವುದಿಲ್ಲ. ಲ್ಯಾಮಿನೇಟ್ ಮಾಡಿದ ಕಾಗದವನ್ನು ರಾಜ್ಯವೂ ಕೇಂದ್ರವೂ ಹಿಂದಕ್ಕೆ ಕಳಿಸುತ್ತವೆ.

ದಕ್ಷಿಣದ ಎಷ್ಟು ಮನೆಗಳಲ್ಲಿ ಹೀಗೆ ಲ್ಯಾಮಿನೇಟ್ ಆದ ಅಂಕಪಟ್ಟಿಗಳಿವೆಯೋ! ಮನೆಯ ಮೊದಲ ಪದವಿ ಬಂದ ದಿನವೇ ಅಪ್ಪಂದಿರು ಅದನ್ನು ಪೇಟೆಗೆ ಒಯ್ದು ಬಿಸಿ ಪ್ಲಾಸ್ಟಿಕ್ಕಿನೊಳಗೆ ಸೇರಿಸಿ ತಂದಿರುತ್ತಾರೆ. ಪಶ್ಚಿಮ ಕರಾವಳಿಯ ಮಳೆಗಾಲ ಕಂಡವರಿಗೆ ಇದು ಅರ್ಥವಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬೀರುವಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುವ ಊರಿನಲ್ಲಿ ಕಾಗದ ಉಳಿಯಬೇಕಾದರೆ ಇನ್ನೇನು ಮಾಡಬೇಕು? ರಾತ್ರಿ ಆಕೆ ಊರಿಗೆ ಫೋನು ಮಾಡಿ ವಿಷಯ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನಾನೇ ಅಲ್ವಾ ಮಗಾ ಮಾಡಿಸಿದ್ದು. ಒರಲೆ ಹಿಡೀತದೆ ಅಂತ."

"ಪರವಾಗಿಲ್ಲ ಅಪ್ಪ, ತೆಗೆಯುವವರು ಇದ್ದಾರಂತೆ."

"ಹರಿದರೆ?"

ಹರಿದರೆ ವಿಶ್ವವಿದ್ಯಾಲಯಕ್ಕೆ ನಕಲು ಪ್ರತಿಗೆ ಅರ್ಜಿ ಹಾಕಬೇಕು, ಅದಕ್ಕೆ ಅಫಿಡವಿಟ್ಟು, ಶುಲ್ಕ, ಕಾಯುವಿಕೆ. ಮೂರು ತಿಂಗಳ ಗಡುವಿನಲ್ಲಿ ಆಗಲೇ ಎರಡು ವಾರ ಕಳೆದಿತ್ತು. ಆಕೆ ಅದನ್ನು ಅಪ್ಪನಿಗೆ ಹೇಳಲಿಲ್ಲ.

ತೆಗೆದವರು ಪೋರೂರಿನಲ್ಲೇ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ವಯಸ್ಸಾದವರು. ಕೂದಲು ಒಣಗಿಸುವ ಯಂತ್ರದಿಂದ ಒಂದು ಮೂಲೆಯನ್ನು ಬೆಚ್ಚಗೆ ಮಾಡಿ, ತೆಳ್ಳನೆಯ ಬ್ಲೇಡು ತೂರಿಸಿ, ಪ್ಲಾಸ್ಟಿಕ್ಕನ್ನು ಕಾಗದದಿಂದ ಎಳೆಯದೆ ಕಾಗದದ ಮೇಲೆ ಮಡಚುತ್ತ ಹೋದರು. ಮುಕ್ಕಾಲು ಗಂಟೆ ಹಿಡಿಯಿತು. ಎಡಗಡೆಯ ಅಂಚಿನಲ್ಲಿ ಬೆರಳಿನಗಲ ಕಾಗದದ ಮೇಲ್ಪದರ ಪ್ಲಾಸ್ಟಿಕ್ಕಿನ ಜೊತೆಗೇ ಬಂತು. ಸಹಿ ಉಳಿಯಿತು, ಮೊಹರು ಉಳಿಯಿತು, ಹೆಸರು ಉಳಿಯಿತು. ಹದಿನೇಳು ವರ್ಷಗಳ ಮೇಲೆ ಆ ಕಾಗದವನ್ನು ಬೆರಳಿನಿಂದ ಮುಟ್ಟಿದಾಗ ಅದು ಇಷ್ಟು ತೆಳ್ಳಗಿತ್ತೇ ಎಂದು ಆಕೆಗೆ ಆಶ್ಚರ್ಯವಾಯಿತು.

ಎರಡನೆಯ ಅಡ್ಡಿ ಹೆಸರಿನದು. ಕನ್ನಡದಲ್ಲಿ ಬರೆದರೆ ಆಕೆಯ ಹೆಸರು ಹುಟ್ಟಿದಂದಿನಿಂದ ಒಂದೇ. ಆದರೆ ಈ ಕಾಗದಗಳ ಮೇಲೆ ಹೆಸರು ಇರುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಲಕ್ಷ್ಮಿ ಎಂಬ ಸಾದಾ ಹೆಸರನ್ನೇ ನೋಡಿ. ಒಬ್ಬ ಗುಮಾಸ್ತ ಅದನ್ನು ಕೆ, ಎಸ್, ಎಚ್ ಹಾಕಿ ಬರೆಯುತ್ತಾನೆ, ಇನ್ನೊಬ್ಬ ಎಕ್ಸ್ ಹಾಕಿ ಮುಗಿಸುತ್ತಾನೆ. ಕನ್ನಡದ ಕಿವಿಗೆ ಒಬ್ಬಳೇ, ಕಂಪ್ಯೂಟರಿಗೆ ಇಬ್ಬರು. ಅದರ ಮೇಲೆ ಇನಿಶಿಯಲ್ಲು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಆಕೆಯ ಹೆಸರಿನ ಹಿಂದೆ ಒಂದಕ್ಷರವಿತ್ತು. ಪದವಿಪತ್ರದಲ್ಲಿ ಅದು ಬಿಡಿಸಿಕೊಂಡು ಅಪ್ಪನ ಪೂರ್ತಿ ಹೆಸರಾಗಿತ್ತು. ಪಾಸ್‌ಪೋರ್ಟಿನಲ್ಲಿ ಅದೇ ಹೆಸರು ಉಪನಾಮದ ಜಾಗಕ್ಕೆ ಹೋಗಿ ಕೂತಿತ್ತು. ತಮಿಳುನಾಡಿನ ಪದ್ಧತಿಯಂತೆ ಮದುವೆಯ ಸರ್ಟಿಫಿಕೇಟಿನಲ್ಲಿ ಆ ಅಕ್ಷರ ಹೆಸರಿನ ಮುಂದೆ ಬಂದು ನಿಂತಿತ್ತು.

ಊರಿನ ಹೆಸರಿಗೂ ಇದೇ ಗತಿ. ತಮಿಳು ಲಿಪಿಯಲ್ಲಿ ಪ ಮತ್ತು ಬಗಳಿಗೆ ಒಂದೇ ಅಕ್ಷರ, ತ ಮತ್ತು ದಗಳಿಗೂ ಒಂದೇ. ಬದಿಯಡ್ಕವನ್ನು ತಮಿಳಿನಲ್ಲಿ ಬರೆದು ಮತ್ತೆ ಇಂಗ್ಲಿಷಿಗೆ ತಿರುಗಿಸುವಾಗ ಅದು ಪತಿಯಡ್ಕ ಆಗಬಹುದು. ಗಡಿಯ ಊರುಗಳಿಗೆ ಇದು ಹೊಸದಲ್ಲ. ಕನ್ನಡದ ಕುಂಬಳೆ ಮಲಯಾಳದಲ್ಲಿ ಕುಂಬಳ, ಕನ್ನಡದ ಮಂಜೇಶ್ವರ ಅಲ್ಲಿ ಮಂಜೇಶ್ವರಂ. ಊರಿನವರಿಗೆ ಗೊತ್ತು, ಎರಡೂ ಒಂದೇ ಬಸ್ ನಿಲ್ದಾಣ ಎಂದು. ಗೊತ್ತಿಲ್ಲದವರಿಗೆ ಗೊತ್ತುಮಾಡುವುದಕ್ಕೆ ಸ್ಟಾಂಪ್ ಪೇಪರಿನ ಮೇಲೆ ಬರೆಸಿ ನೋಟರಿಯ ಮುಂದೆ ಸಹಿ ಹಾಕಬೇಕು: ಈ ಹೆಸರಿನವಳು, ಆ ಹೆಸರಿನವಳು ಮತ್ತು ಮೂರನೆಯ ಹೆಸರಿನವಳು ಒಬ್ಬಳೇ ವ್ಯಕ್ತಿ, ಅದು ನಾನೇ. ನಲವತ್ತರ ಹತ್ತಿರ ಬಂದ ಹೆಂಗಸು, ಸಾವಿರಾರು ರೋಗಿಗಳ ಕೇಸ್ ಶೀಟಿನಲ್ಲಿ ಹೆಸರು ತಾಳೆ ನೋಡಿ ಮದ್ದು ಕೊಟ್ಟವಳು, ತಾನು ತಾನೇ ಎಂದು ಪ್ರಮಾಣ ಮಾಡಿದಳು.

ಆಮೇಲೆ ಪ್ರಯಾಣಗಳು ಶುರುವಾದವು. ಏಜೆಂಟರು ಎಲ್ಲವನ್ನೂ ತಾವೇ ಮಾಡಿಸಿಕೊಡುತ್ತೇವೆ ಎಂದಿದ್ದರು. ಹಾಗೆ ಕೊಡುವವರು ಬಹಳ ಜನ, ಕೆಲಸವೂ ಆಗುತ್ತದೆ. ಆದರೆ ಆರೂ ಅಸಲು ಪ್ರತಿಗಳನ್ನು ಒಂದೇ ಲಕೋಟೆಯಲ್ಲಿ ಹಾಕಿ, ಮುಖ ನೋಡದ ಯಾರದೋ ಕೈಗೆ, ಮೂರು ರಾಜ್ಯಗಳ ಕೊರಿಯರಿಗೆ ಒಪ್ಪಿಸಲು ಆಕೆಗೆ ಧೈರ್ಯ ಬರಲಿಲ್ಲ. ಮನೆಯವರೇ ಹಂಚಿಕೊಂಡರು.

ಗಂಡ ಎರಡು ದಿನ ರಜೆ ಹಾಕಿ ತಮಿಳುನಾಡಿನ ಕಾಗದಗಳನ್ನು ಹಿಡಿದು ಕೋಟೆಯ ಕಡೆ ಹೋದರು. ಮದುವೆಯ ಸರ್ಟಿಫಿಕೇಟು ಕೈಯಲ್ಲಿ ಇದ್ದದ್ದೇ ಪುಣ್ಯ. ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2006ರಲ್ಲಿ. ತಮಿಳುನಾಡು ಅದಕ್ಕಾಗಿ ಕಾಯಿದೆ ಮಾಡಿದ್ದು 2009ರಲ್ಲಿ. ಅದಕ್ಕೂ ಹಿಂದೆ ಮದುವೆಯಾದ ಎಷ್ಟೋ ದಂಪತಿಗಳ ಹತ್ತಿರ ತಾಳಿ, ಲಗ್ನಪತ್ರಿಕೆ, ಮಂಟಪದ ಫೋಟೋ ಬಿಟ್ಟು ಬೇರೆ ಪುರಾವೆ ಇರುವುದಿಲ್ಲ. ವೀಸಾ ಅಧಿಕಾರಿಗೆ ಅವು ಮೂರೂ ಮದುವೆಯಲ್ಲ. ಹೊರದೇಶಕ್ಕೆ ಹೊರಟ ಮೇಲೆ, ಮದುವೆಯಾಗಿ ಇಪ್ಪತ್ತು ವರ್ಷವಾದವರು ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಹೊಸ ಮದುಮಕ್ಕಳ ಪಕ್ಕದಲ್ಲಿ ಕೂತಿರುವುದನ್ನು ಕಾಣಬಹುದು.

ಕೇರಳದ ಪುಸ್ತಕದ ಜವಾಬ್ದಾರಿಯನ್ನು ಅಪ್ಪ ತೆಗೆದುಕೊಂಡರು. ಬೇಡವೆಂದರೂ ಕೇಳಲಿಲ್ಲ. ಲ್ಯಾಮಿನೇಶನ್ನಿನ ವಿಷಯ ಅವರ ಮನಸ್ಸಿನಲ್ಲಿ ಕೂತಿತ್ತೇನೋ. ಕೇರಳದಲ್ಲಿ ಈ ಕೆಲಸಕ್ಕೆ ನೋರ್ಕಾ ರೂಟ್ಸ್ ಎಂಬ ಸಂಸ್ಥೆಯಿದೆ. ಹೊರನಾಡಿಗೆ ಹೋದ ಮಲಯಾಳಿಗಳಿಗಾಗಿ 1996ರಲ್ಲಿ ಒಂದು ಇಲಾಖೆಯನ್ನೇ ತೆರೆದ ರಾಜ್ಯ ಅದು. ಆ ಇಲಾಖೆಯ ಅಡಿಯಲ್ಲಿ 2002ರಲ್ಲಿ ಹುಟ್ಟಿದ್ದು ಈ ಸಂಸ್ಥೆ. ಜನ ಹೊರಗೆ ಹೋಗುವುದನ್ನು ಬದುಕಿನ ಮಾಮೂಲಿ ಸಂಗತಿಯೆಂದು ಒಪ್ಪಿಕೊಂಡ ರಾಜ್ಯಕ್ಕೂ ಒಪ್ಪಿಕೊಳ್ಳದ ರಾಜ್ಯಕ್ಕೂ ಇರುವ ವ್ಯತ್ಯಾಸ ಕೌಂಟರಿನಲ್ಲಿ ತಿಳಿಯುತ್ತದೆ. ಕಾಸರಗೋಡಿನಿಂದ ಹತ್ತಿರದ ಕೇಂದ್ರ ಕೋಝಿಕೋಡಿನಲ್ಲಿ. ಮಗಳ ಒಪ್ಪಿಗೆ ಪತ್ರ, ಪಾಸ್‌ಪೋರ್ಟಿನ ಪ್ರತಿ, ತನ್ನ ಗುರುತಿನ ಚೀಟಿ ಎಲ್ಲವನ್ನೂ ಒಂದು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಎಪ್ಪತ್ತೆರಡು ವರ್ಷದ ಅಪ್ಪ ಬೆಳಗಿನ ರೈಲು ಹತ್ತಿದರು. ಸಂಜೆ ಫೋನು ಮಾಡಿ ಹೇಳಿದ್ದು ಒಂದೇ ಮಾತು: "ಪುಸ್ತಕ ಒಪ್ಪಿಸಿದೆ ಮಗಾ. ರಶೀದಿ ಜೋಪಾನವಾಗಿಟ್ಟಿದ್ದೇನೆ. ಪ್ಲಾಸ್ಟಿಕ್ಕಿಗೆ ಹಾಕಲಿಲ್ಲ."

ಪದವಿಯ ಕಾಗದಗಳಿಗೆ ಆಕೆಯೇ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋದಳು. ನರ್ಸಿಂಗ್ ಓದಿದ್ದು ಮಂಗಳೂರಿನಲ್ಲಾದರೂ ಪದವಿ 1996ರಲ್ಲಿ ಸ್ಥಾಪನೆಯಾದ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು, ಅದು ಇರುವುದು ಜಯನಗರದಲ್ಲಿ. ಓದುವಾಗ ಒಮ್ಮೆಯೂ ನೋಡದಿದ್ದ ತನ್ನ ವಿಶ್ವವಿದ್ಯಾಲಯವನ್ನು ಆಕೆ ಮೊದಲ ಬಾರಿ ನೋಡಿದ್ದು ಅದರ ಸಹಿ ಅದರದೇ ಎಂದು ಹೇಳಿಸುವುದಕ್ಕೆ. ಸಾಲಿನಲ್ಲಿ ಹಿಂದೆ ಮುಂದೆ ನಿಂತವರೆಲ್ಲ ಹೆಚ್ಚುಕಡಿಮೆ ಆಕೆಯಂಥವರೇ. ಐರ್ಲೆಂಡಿಗೆ ಹೊರಟವಳು, ಕುವೈತಿಗೆ ಹೊರಟವಳು, ಮಗಳ ಪರವಾಗಿ ಬಂದ ಚಿಕ್ಕಮಗಳೂರಿನ ತಾಯಿ. ಆ ಎರಡು ದಿನ ಎಲ್ಲಿ ಹೋದರೂ ಕನ್ನಡದಲ್ಲೇ ಮಾತಾಡಿದ್ದು ಆಕೆಗೆ ಹಿತವಾಗಿತ್ತು. ಹನ್ನೆರಡು ವರ್ಷದಿಂದ ಕಚೇರಿಗಳಲ್ಲಿ ತಮಿಳಿನಲ್ಲಿ ಕೇಳಿ ತಮಿಳಿನಲ್ಲಿ ಉತ್ತರ ಹೇಳಿ ರೂಢಿಯಾದ ನಾಲಿಗೆ, ಮೊದಲ ಕೌಂಟರಿನಲ್ಲಿ "ಸಾರ್, ಇದು ಎಂಗೆ ಕೊಡುಕ್ಕಣುಂ" ಎಂದುಬಿಟ್ಟಿತ್ತು. ಒಳಗಿದ್ದವರು ನಕ್ಕು, "ಕನ್ನಡ ಬರುತ್ತಾ ಮೇಡಂ?" ಎಂದು ಕೇಳಿದರು.

ರಾಜ್ಯಗಳ ಮುದ್ರೆ ಬಿದ್ದ ಮೇಲೆ ಆರೂ ಕಾಗದಗಳು ಪೋರೂರಿನಲ್ಲಿ ಮತ್ತೆ ಒಟ್ಟಾದವು. ಕೇಂದ್ರಕ್ಕೆ ಎಲ್ಲ ಊರೂ ಒಂದೇ. ವಿದೇಶಾಂಗ ಸಚಿವಾಲಯದ ಕೆಲಸ ಚೆನ್ನೈಯಲ್ಲೇ ಆಗುತ್ತದೆ. ಸಚಿವಾಲಯ ಕಾಗದವನ್ನು ಜನರ ಕೈಯಿಂದ ನೇರ ತೆಗೆದುಕೊಳ್ಳುವುದಿಲ್ಲ, ತಾನು ಗೊತ್ತುಪಡಿಸಿದ ಏಜೆನ್ಸಿಗಳ ಮೂಲಕವೇ ಹೋಗಬೇಕು. ಸರಕಾರದ ಶುಲ್ಕ ಅಪೊಸ್ಟಿಲ್ಲಿಗೆ 50 ರೂಪಾಯಿ, ಮಾಮೂಲಿ ದೃಢೀಕರಣಕ್ಕೆ ಅದೂ ಇಲ್ಲ. ಏಜೆನ್ಸಿಯ ಸೇವಾ ಶುಲ್ಕ ಬೇರೆ. ಇಷ್ಟು ಕಡಿಮೆ ಎಂದು ಗೊತ್ತಿಲ್ಲದವರು ದಲ್ಲಾಳಿಗಳಿಗೆ ಕೊಡುವ ಹಣ ಬಹಳ. ನಿಜವಾದ ಖರ್ಚು ಬರುವುದು ರಾಯಭಾರ ಕಚೇರಿಯ ಹಂತದಲ್ಲಿ, ಅಲ್ಲಿ ಪ್ರತಿ ಕಾಗದಕ್ಕೂ ಸಾವಿರಗಳ ಲೆಕ್ಕ. ಅದಕ್ಕಾಗಿ ಕಾಗದಗಳು ದಿಲ್ಲಿಗೆ ಹೋದವು. ಅಂತೂ ಅವುಗಳನ್ನು ಲಕೋಟೆಗೆ ಹಾಕಿ ಪರರ ಕೈಗೆ ಕೊಡುವುದು ತಪ್ಪಲಿಲ್ಲ. ಹದಿನೆಂಟು ದಿನ. ಆ ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಮಧ್ಯರಾತ್ರಿ ಎದ್ದು ಕೊರಿಯರಿನ ನಂಬರು ಹಾಕಿ ನೋಡುತ್ತಿದ್ದರು. ಲಕೋಟೆ ಕಳೆದರೆ ದುಬೈಯ ಕೆಲಸ ಹೋಗುವುದು ಒಂದು ಮಾತು. ಆಕೆ ಓದಿದ್ದಕ್ಕೆ, ಅವರಿಬ್ಬರಿಗೆ ಮದುವೆಯಾದದ್ದಕ್ಕೆ, ಮಗ ಹುಟ್ಟಿದ್ದಕ್ಕೆ ಮನೆಯಲ್ಲಿ ಒಂದೂ ಅಸಲು ಉಳಿಯುವುದಿಲ್ಲ ಎಂಬುದು ಇನ್ನೊಂದು.

ವಿಚಿತ್ರವೆಂದರೆ, ಇಷ್ಟೆಲ್ಲ ಮುದ್ರೆಗಳು ಬೀಳುತ್ತಿರುವಾಗಲೇ ದುಬೈಯ ಆರೋಗ್ಯ ಇಲಾಖೆಯ ಲೈಸೆನ್ಸಿಗಾಗಿ ಇನ್ನೊಂದು ಪರಿಶೀಲನೆ ಬೇರೆಯೇ ನಡೆಯುತ್ತಿತ್ತು. ಅದಕ್ಕೆ ಮೂಲದಲ್ಲೇ ಪರಿಶೀಲನೆ ಎನ್ನಬಹುದು. ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ವಿಶ್ವವಿದ್ಯಾಲಯಕ್ಕೆ, ನರ್ಸಿಂಗ್ ಕೌನ್ಸಿಲ್ಲಿಗೆ, ಹಿಂದಿನ ಆಸ್ಪತ್ರೆಗಳಿಗೆ ನೇರ ಪ್ರಶ್ನೆ ಹೋಗುತ್ತದೆ. ಇವರು ನಿಮ್ಮಲ್ಲಿ ಓದಿದ್ದು ಹೌದೇ? ಇವರ ನೋಂದಣಿ ಚಾಲ್ತಿಯಲ್ಲಿದೆಯೇ? ಇಷ್ಟು ವರ್ಷ ಕೆಲಸ ಮಾಡಿದ್ದು ನಿಜವೇ? ಅಂದರೆ ಕಾಗದದ ವಿಷಯ ನಿಜವೇ ಎಂದು ತಿಳಿಯಬೇಕಾದವರು ಮುದ್ರೆಗಳನ್ನು ನಂಬುವುದಿಲ್ಲ, ಮೂಲವನ್ನೇ ಕೇಳುತ್ತಾರೆ. ಹಾಗಾದರೆ ಆ ನಾಲ್ಕು ಮುದ್ರೆಗಳು ಯಾತಕ್ಕೆ ಎಂದು ಗಂಡ ಕೇಳಿದರು. ಆಕೆಯ ಹತ್ತಿರ ಉತ್ತರವಿರಲಿಲ್ಲ. ಒಂದು ರೀತಿಯಲ್ಲಿ ಈ ಹೊಸ ಪದ್ಧತಿ ಹಳೆಯ ಪಶುವೈದ್ಯರ ಪದ್ಧತಿಗೇ ಹತ್ತಿರ. ಗೊತ್ತಿರುವವರನ್ನು ಕೇಳಿ ತಿಳಿಯುವುದು.

ಕಾಗದಗಳೂ ನಿಧಾನವಾಗಿ ಆ ಕಡೆಗೇ ಸಾಗುತ್ತಿವೆ. 2017ರಲ್ಲಿ ಭಾರತ ಸರಕಾರ ಇ-ಸನದ್ ಎಂಬ ಆನ್‌ಲೈನ್ ವ್ಯವಸ್ಥೆ ತಂದಿತು. ಮೊದಲು ಬಂದದ್ದು ಸಿಬಿಎಸ್ಇ ದಾಖಲೆಗಳು. ಕೊಟ್ಟ ಸಂಸ್ಥೆಯೇ ಕಂಪ್ಯೂಟರಿನಲ್ಲಿ ಹೌದು ಎಂದರೆ ಅರ್ಜಿದಾರರು ಅಲೆಯಬೇಕಿಲ್ಲ. ಇಂದಿನ ಮಕ್ಕಳ ಅಂಕಪಟ್ಟಿಗಳು ಡಿಜಿಲಾಕರಿನಲ್ಲೇ ಹುಟ್ಟುತ್ತವೆ. ಅವಕ್ಕೆ ಒರಲೆ ಹಿಡಿಯುವುದಿಲ್ಲ, ಅವನ್ನು ಯಾವ ಅಪ್ಪನೂ ಲ್ಯಾಮಿನೇಟ್ ಮಾಡಿಸಲಾರ. ಆದರೆ ಈಗ ಮೂವತ್ತೈದು ದಾಟಿದವರ ಕಾಗದಗಳು ಇನ್ನೂ ಬಹುಕಾಲ ರೈಲು ಹತ್ತಬೇಕು, ಸಾಲಿನಲ್ಲಿ ನಿಲ್ಲಬೇಕು.

ಗಡುವಿಗೆ ಒಂಬತ್ತು ದಿನ ಇರುವಾಗ ದಿಲ್ಲಿಯ ಲಕೋಟೆ ಬಂತು. ಆಕೆ ಹೋದಳು. ದುಬೈಯಲ್ಲಿ ಕೊನೆಯ ಮುದ್ರೆಯೂ ಬಿತ್ತು. ಪದವಿಪತ್ರದ ಮುಂಬದಿಯಲ್ಲಿ ಆಕೆಯ ಹೆಸರು ಒಂಟಿಯಾಗಿದೆ. ಹಿಂಬದಿಯಲ್ಲಿ ಬೆಂಗಳೂರು, ಚೆನ್ನೈ, ದಿಲ್ಲಿ, ದುಬೈಗಳ ಮೊಹರುಗಳು ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿವೆ. ಆಕೆ ಒಳ್ಳೆಯ ನರ್ಸು ಎಂದು ಅವುಗಳಲ್ಲಿ ಒಂದೂ ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ರಾತ್ರಿ ಪಾಳಿಯ ವಾರ್ಡು.

ಏಪ್ರಿಲಿನಲ್ಲಿ ಅಪ್ಪ ಮಗನೂ ಹೊರಟರು. ಫ್ಲಾಟನ್ನು ಬಾಡಿಗೆಗೆ ಕೊಟ್ಟರು. ಪೋರೂರು 2011ರಲ್ಲಿ ಚೆನ್ನೈ ಪಾಲಿಕೆಗೆ ಸೇರಿದ ಊರು. ಮಗ ಹುಟ್ಟಿದ್ದು ಅದಾದ ಮೇಲೆ, ಹಾಗಾಗಿ ಅವನ ಜನನಪತ್ರದ ಮೇಲೆ ಇರುವುದು ಪಾಲಿಕೆಯ ಮುದ್ರೆ, ಹುಟ್ಟಿದ ಸ್ಥಳದ ಕಡೆ ಪೋರೂರು. ಅವನು ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಅಜ್ಜನ ಜೊತೆ ಫೋನಿನಲ್ಲಿ ತುಳುವನ್ನೂ ಸ್ವಲ್ಪ ಮಾತಾಡುತ್ತಾನೆ, ಗೆಳೆಯರ ಜೊತೆ ತಮಿಳು. ಮುಂದೆ ಎಲ್ಲಿ ಓದುತ್ತಾನೋ, ಯಾವ ದೇಶದಲ್ಲಿ ನೆಲೆಸುತ್ತಾನೋ ಗೊತ್ತಿಲ್ಲ. ನಿನ್ನ ಊರು ಯಾವುದು ಎಂದರೆ ಬದಿಯಡ್ಕ ಎನ್ನುತ್ತಾನೋ, ಪುತ್ತೂರು ಎನ್ನುತ್ತಾನೋ, ಅದೂ ಗೊತ್ತಿಲ್ಲ. ಆದರೆ ಎಂದಾದರೂ ಒಂದು ದಿನ ಯಾವುದೋ ಕಚೇರಿ ಅವನ ಹುಟ್ಟಿಗೆ ಸಾಕ್ಷಿ ಕೇಳಿದರೆ, ಕಾಸರಗೋಡು ಹೌದು ಎನ್ನುವುದಿಲ್ಲ, ಕರ್ನಾಟಕ ಹೌದು ಎನ್ನುವುದಿಲ್ಲ. ಆ ಕಾಗದ ಚೆನ್ನೈಗೇ ಬರಬೇಕು.